ಉಬ್ಬಸದ ಮುಯ್ಯಿ

ಆ ದಿನ ಬೋರಮ್ಮನ ಬಿಕ್ಕಳಿಕೆ ಓಲಗದ ಲಕ್ಕಣ್ಣನ ಹತ್ತಿರ ಇತ್ತು. ಬೋರಮ್ಮ ತಂಗಿಯ ಮಗಳಿಗೆ ಗಂಡು ನೋಡಲು ಆಚೆ ಊರಿಗೆ ಹೊರಟಿದ್ದಳು. ಬೀಗರಾಗುವವರ ಮುಂದೆ ಕೂತು ಮಾತಿಗೊಂದು ಸಲ ಬಿಕ್ಕಿದರೆ ಚೆನ್ನಾಗಿರುವುದಿಲ್ಲವೆಂದು ದಾರಿಯಲ್ಲಿ ನನ್ನ ಹಿಟ್ಟಿನ ಗಿರಣಿಯ ಮುಂದೆ ನಿಂತು, ರಾಗಿ ಬೀಸಿಸಲು ಕೂತಿದ್ದ ಲಕ್ಕಣ್ಣನ ಮುಖ ನೋಡಿದಳು. ಲಕ್ಕಣ್ಣ "ಕೊಡು ಇತ್ಲಾಗೆ" ಎಂದು ಕೈ ಚಾಚಿದ. ಅವಳು ಅವನ ಮುಂಗೈ ಹಿಡಿದಳು. ಬಿಕ್ಕಳಿಕೆ ಅವಳ ಗಂಟಲು ಬಿಟ್ಟು ಅವನ ಗಂಟಲಿಗೆ ಹತ್ತಿತು. "ಸಾಯಂಕಾಲ ಬಂದು ಈಸ್ಕೊತೀನಿ ಕಣಣ್ಣ, ಎಲ್ಲೂ ಬಿಸಾಕ್ಬಿಡ್ಬೇಡ" ಎಂದು ಬೋರಮ್ಮ ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದಳು.

ನಮ್ಮೂರಿನಲ್ಲಿ ಇದಕ್ಕೆ ಮುಯ್ಯಿ ಎನ್ನುತ್ತೇವೆ. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವುದಿಲ್ಲವೇ, ಇವತ್ತು ನಿನ್ನ ಕಳೆಗೆ ನಾನು, ನಾಳೆ ನನ್ನ ಕೊಯ್ಲಿಗೆ ನೀನು, ಹಾಗೆಯೇ ಇದೂ. ಅತ್ತೆ ಮದುವೆ ಊಟಕ್ಕೆ ಹೊರಟರೆ ಸೊಸೆ ಅವಳ ಹಲ್ಲುನೋವು ಇಟ್ಟುಕೊಳ್ಳುತ್ತಾಳೆ. ಸೊಸೆ ತವರಿಗೆ ಹೊರಟರೆ ಅವಳ ಸೊಂಟ ಅತ್ತೆಯ ಪಾಲಿಗೆ. ಪರೀಕ್ಷೆಯ ದಿನಗಳಲ್ಲಿ ನಂಜಪ್ಪ ಮೇಷ್ಟರ ತಲೆನೋವನ್ನು ಮಕ್ಕಳ ಅಪ್ಪಂದಿರು ಸರದಿಯ ಮೇಲೆ ಹೊರುತ್ತಾರೆ. ಆ ದಿನಗಳಲ್ಲಿ ನಮ್ಮ ಕಡೆ ಯಾರೂ ಜಗಳ ಕಾಯುವುದಿಲ್ಲ, ತಲೆ ಎತ್ತಿದರೆ ತಾನೇ ಜಗಳ. ಹೆರಿಗೆ ಎಂದರೆ ಇಡೀ ಕೇರಿಗೆ ಕೆಲಸ. ಹೆಂಗಸರು ಒಂದೊಂದು ನೋವನ್ನು ಸೆರಗಿನಲ್ಲಿ ಸೊಪ್ಪು ತೆಗೆದುಕೊಂಡು ಹೋಗುವಂತೆ ಮಾತಾಡುತ್ತಲೇ ತೆಗೆದುಕೊಂಡು ಹೋಗುತ್ತಾರೆ. ಗಂಡನಿಗೂ ಒಂದು ಕೊಡುವ ರೂಢಿ ಇದೆ. ಅವನು ಅದೊಂದನ್ನೇ ಹೊತ್ತು ಬೀದಿಯ ಉದ್ದಕ್ಕೂ ಉರುಳಾಡಿದ್ದನ್ನು ಮಗುವಿನ ಮದುವೆಯವರೆಗೂ ಆಡಿಕೊಳ್ಳುತ್ತಾರೆ.

ಇದಕ್ಕೆ ಕಟ್ಟುಪಾಡು ಹೆಚ್ಚಿಲ್ಲ. ಕಾಯಿಲೆ ಇದ್ದವರು ತಾವಾಗಿ ಹೇರುವಂತಿಲ್ಲ, ಹೊರುವವರೇ "ಕೊಡು ಇತ್ಲಾಗೆ" ಎಂದು ಬಾಯಿಬಿಟ್ಟು ಕೇಳಬೇಕು. ಹೇಳಿದ ಹೊತ್ತಿಗೆ ಬಂದು ವಾಪಸು ತೆಗೆದುಕೊಳ್ಳಬೇಕು. ಹೊತ್ತವರಿಗೆ ಒಂದು ಮುಯ್ಯಿ ತೀರಿಸಬೇಕು. ಸಾವೊಂದನ್ನು ಮಾತ್ರ ಯಾರೂ ಯಾರಿಂದಲೂ ತೆಗೆದುಕೊಳ್ಳಲಾಗುವುದಿಲ್ಲ.

ನನ್ನ ಅವ್ವ ಕದುರಮ್ಮನಿಗೆ ಉಬ್ಬಸ. ಸಣ್ಣಪುಟ್ಟದ್ದಲ್ಲ; ಎದೆಯೊಳಗೆ ಯಾರೋ ಕುಲುಮೆಯ ತಿದಿ ಒತ್ತಿದ ಹಾಗೆ ಸದ್ದು ಮಾಡುವ ಉಬ್ಬಸ. ಗಟ್ಟಿಮುಟ್ಟಾದ ಗಂಡಸೂ ಅದನ್ನು ಅರ್ಧ ದಿನದ ಮೇಲೆ ಹೊರಲಾರ. ಹಾಗಾಗಿ ನಮ್ಮ ಕೇರಿಯವರು ಪಾಳಿ ಮಾಡಿಕೊಂಡಿದ್ದರು. ನಾನು, ನನ್ನ ಹೆಂಡತಿ ಸರೋಜ, ಬೋರಮ್ಮ, ಲಕ್ಕಣ್ಣ, ಹೀಗೆ ಕೈಯಿಂದ ಕೈಗೆ ಅದು ತಿರುಗುತ್ತಿತ್ತು. ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿನಿಂದ ಜಗುಲಿಗೆ ಬಿಸಿಲು ಬರುವ ತನಕ ಮಾತ್ರ ಅವ್ವ ತಾನೇ ಇಟ್ಟುಕೊಳ್ಳುತ್ತಿದ್ದಳು. ಬೇಡವೆಂದರೂ ಕೇಳುತ್ತಿರಲಿಲ್ಲ. "ನಂದು ಕಣ್ರೋ ಅದು. ಒಂದಿಷ್ಟೊತ್ತಾದ್ರೂ ನನ್ನತ್ರ ಇರ್ಲಿ, ಇಲ್ದಿದ್ರೆ ಗುರುತು ಮರ್ತುಬಿಡ್ತದೆ" ಎನ್ನುತ್ತಿದ್ದಳು. ಆಸ್ಪತ್ರೆಯಿಂದ ಬಾಯಿಗೆ ಹೊಡೆದುಕೊಳ್ಳುವ ಒಂದು ಪಂಪು ಕೊಡುತ್ತಿದ್ದರು. ಆ ಪಂಪೂ ಉಬ್ಬಸದ ಹಿಂದೆಯೇ ಮನೆಯಿಂದ ಮನೆಗೆ ತಿರುಗುತ್ತಿತ್ತು.

ಬೋರಮ್ಮನ ಬಸ್ಸು ಹೋದ ಮೇಲೆ ಎದುರಿನಿಂದ ಬಂದ ಬಸ್ಸಿನಿಂದ ಮುಕುಂದರಾಯರು ಇಳಿದರು. ರಾಜಧಾನಿಯ ಅಧಿಕಾರಿ. ಇಳಿದರು ಎನ್ನುವುದಕ್ಕಿಂತ ಅವರನ್ನು ಇಳಿಸಿದರು ಎನ್ನಬೇಕು. ಸೊಂಟ ಹಿಡಿದುಕೊಂಡಿತ್ತು, ಕಂಡಕ್ಟರು ಒಂದು ಕಡೆ, ಅವರ ಪೆಟ್ಟಿಗೆ ಇನ್ನೊಂದು ಕಡೆ. ಕರೆಂಟು ನೆಚ್ಚಿಕೊಳ್ಳುವಂತೆ ಇರುವುದು ನಮ್ಮೂರಿನಲ್ಲಿ ಗಿರಣಿಯಲ್ಲಿ ಮಾತ್ರವೆಂದು ಯಾರೋ ಹೇಳಿದ್ದರಂತೆ. ಬಂದವರೇ ಹಿಟ್ಟು ಕೊಡವಿ ಬೆಂಚಿನ ಮೇಲೆ ಕೂತು, ಪೆಟ್ಟಿಗೆಯಿಂದ ಸ್ಲೇಟಿನಂಥ ಒಂದು ಯಂತ್ರ, ಅದಕ್ಕೆ ಬಾಲದ ಹಾಗೆ ಅಂಟಿಕೊಂಡ ಹೆಬ್ಬೆಟ್ಟು ಒತ್ತುವ ಡಬ್ಬಿ, ಎರಡನ್ನೂ ತೆಗೆದು ತೂಕದ ತಕ್ಕಡಿಯ ಪಕ್ಕ ಇಟ್ಟರು. "ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ರಾಷ್ಟ್ರೀಯ ಡಿಜಿಟಲ್ ಕಾರ್ಯತಂತ್ರ" ಎಂದು ಒಂದೇ ಉಸಿರಿಗೆ ಹೇಳಿ, ಅದರ ಯೋಜನೆ ಇನ್ನೂ ತಯಾರಾಗುತ್ತಿದೆಯೆಂದೂ, ದೇಶಕ್ಕೆಲ್ಲ ಜಾರಿ ಮಾಡುವ ಮೊದಲು ಕೆಲವು ಊರುಗಳಲ್ಲಿ ನೋಡುತ್ತಿದ್ದೇವೆಂದೂ ವಿವರಿಸಿದರು. ರಾಗಿ ಡಬ್ಬ ಹಿಡಿದು ನಿಂತವರಿಗೆ ಅದರಲ್ಲಿ ಅರ್ಥವಾದದ್ದು ತಂತ್ರ ಎಂಬುದೊಂದೇ. "ಏನು ತಂತ್ರ ಸ್ವಾಮಿ, ಮಾಟದ್ದಾ?" ಎಂದು ಲಕ್ಕಣ್ಣ ಬಿಕ್ಕುತ್ತ ಕೇಳಿದ. ರಾಯರು ನಕ್ಕರು. ಒಳ್ಳೆಯ ಮನುಷ್ಯರೇ.

"ಅಂಥದ್ದೇನಿಲ್ಲ ಇವರೇ. ಒಬ್ಬ ಮನುಷ್ಯನಿಗೆ ಒಂದು ನಂಬರು. ಅವರವರ ಕಾಯಿಲೆ ಅವರವರ ಹೆಸರಿಗೆ. ನೀವು ಯಾವ ಊರಿಗೆ ಹೋಗಿ ಹೆಬ್ಬೆಟ್ಟು ಒತ್ತಿದರೂ ಅಲ್ಲಿಯ ಡಾಕ್ಟರಿಗೆ ನಿಮ್ಮ ಕಾಯಿಲೆ ಗೊತ್ತಾಗುತ್ತೆ. ಮುಂದಿನ ತಿಂಗಳಿಂದ ನಂಬರು ಇದ್ದವರಿಗೆ ಮಾತ್ರ ಔಷಧಿ. ಬನ್ನಿ, ನಿಮ್ಮಿಂದಲೇ ಶುರು ಮಾಡೋಣ. ಏನು ತೊಂದರೆ ನಿಮಗೆ?"

ಲಕ್ಕಣ್ಣ ಬಾಯಿ ತೆರೆದ. ಬಿಕ್ಕಳಿಕೆ ಬಂತು. ರಾಯರು ಅದನ್ನೇ ಬರೆದುಕೊಂಡು ಅವನ ಹೆಬ್ಬೆಟ್ಟನ್ನು ಡಬ್ಬಿಯ ಮೇಲೆ ಒತ್ತಿಸಿದರು. ಯಂತ್ರ ದೇವರ ಮನೆಯ ಗಂಟೆಯ ಹಾಗೆ ಟಿಣ್ ಎಂದಿತು.

ಸಂಜೆ ಬೋರಮ್ಮ ಬಂದಳು. ಗಂಡು ಒಪ್ಪಿಗೆಯಾಗಿತ್ತು, ಮುಖ ಅರಳಿತ್ತು. "ಕೊಡಣ್ಣ ನಂದು" ಎಂದು ಲಕ್ಕಣ್ಣನ ಮುಂಗೈ ಹಿಡಿದಳು. ಬರಲಿಲ್ಲ. ಕೈ ಬದಲಾಯಿಸಿ ಹಿಡಿದಳು. ಕಣ್ಣು ಮುಚ್ಚಿ ಹಿಡಿದಳು. "ಬಿಡಲ್ವಲ್ಲೋ ಇದು, ಏನ್ ಮಾಡ್ದೆ?" "ನಾನೇನ್, ಹಿಕ್, ಮಾಡ್ಲಿ? ಹೆಬ್ಬೆಟ್ಟೊತ್ತಿದೆ." "ನನ್ ಬಿಕ್ಕಳಿಕೆಗೆ ನಿಂಗ್ಯಾಕೋ ಹೆಬ್ಬೆಟ್ಟೊತ್ತೋ ಉಸಾಬರಿ? ಆಸ್ತಿ ಬರ್ಸ್ಕೊಂಡಂಗೆ ಬರ್ಸ್ಕೊಂಡಿದೀಯಲ್ಲ!" ಲಕ್ಕಣ್ಣನ ಕಣ್ಣಲ್ಲಿ ನೀರಾಡಿತು. ಓಲಗ ಊದುವ ಮನುಷ್ಯ, ಮದುವೆಯ ತಿಂಗಳು ಬಾಗಿಲಲ್ಲಿ ನಿಂತಿತ್ತು. ತಾಳಿ ಕಟ್ಟುವ ಹೊತ್ತಿಗೆ ಓಲಗ ಬಿಕ್ಕಿದರೆ ಯಾರು ಕರೆಯುತ್ತಾರೆ?

ಮಾರನೆಯ ದಿನ ನಂಜಪ್ಪ ಮೇಷ್ಟರು ತಮ್ಮ ತಲೆನೋವಿನ ಸಮೇತ ಹೆಬ್ಬೆಟ್ಟು ಒತ್ತಿ ಬಂದರು. ಮಧ್ಯಾಹ್ನ ಅದನ್ನು ಹೊರಲು ಯಾರು ಮುಂಗೈ ಹಿಡಿದರೂ ಅದು ಜಗ್ಗಲಿಲ್ಲ. ಆಗ ಊರಿಗೆ ಖಾತ್ರಿಯಾಯಿತು. ಒತ್ತಿದ ಗಳಿಗೆಯಲ್ಲಿ ಯಾರ ಮೈಯಲ್ಲಿ ಏನಿದೆಯೋ ಅದು ಅಲ್ಲೇ ಬೇರುಬಿಡುತ್ತದೆ. ರಾಯರಿಗೆ ಹೇಳಿದೆವು. "ಯಂತ್ರಕ್ಕೂ ಬಿಕ್ಕಳಿಕೆಗೂ ಏನು ಸಂಬಂಧ? ನೀರು ಕುಡಿಯಲಿಕ್ಕೆ ಹೇಳಿ" ಎಂದರು. ಅಳಿಸಿಬಿಡಿ ಎಂದರೆ, ಬರೆದದ್ದನ್ನು ಅಳಿಸುವ ಅಧಿಕಾರ ರಾಜಧಾನಿಗೆ ಮಾತ್ರ ಎಂದರು. "ನಾಳೆ ನಿಮ್ಮ ಕೇರಿ. ಉಬ್ಬಸದ ಅಜ್ಜಿ ಇದ್ದಾರಂತಲ್ಲ, ಅವರನ್ನು ಮೊದಲು ಕರೆದುಕೊಂಡು ಬನ್ನಿ. ಅಂಥವರಿಗೇ ಈ ಯೋಜನೆ ಮಾಡುತ್ತಿರುವುದು" ಎಂದು ಕಳಕಳಿಯಿಂದ ಹೇಳಿದರು.

ಆ ಸಂಜೆ ನಮ್ಮ ಜಗುಲಿಯ ಮೇಲೆ ಎಲ್ಲರೂ ಸೇರಿದರು. ಉಬ್ಬಸ ಸರೋಜನ ಹತ್ತಿರ ಇತ್ತು. ಅವಳು ಗೋಡೆಗೆ ಒರಗಿ ಪಂಪು ಹಿಡಿದು ಕೂತಿದ್ದಳು. ವಿಷಯ ಎಲ್ಲರಿಗೂ ತಿಳಿದದ್ದೇ. ಅವ್ವ ಉಬ್ಬಸ ಇಟ್ಟುಕೊಂಡು ಒತ್ತಿದರೆ ಅದು ಅವಳಲ್ಲೇ ನಿಲ್ಲುತ್ತದೆ, ಚಳಿಗಾಲ ದಾಟುವುದಿಲ್ಲ. ಬೇರೆಯವರ ಹತ್ತಿರ ಇದ್ದಾಗ ಒತ್ತಿದರೆ ಅವಳು ನಂಬರಿನಲ್ಲಿ ಗಟ್ಟಿ ಆಳು, ಪಂಪು ಸಿಗುವುದಿಲ್ಲ. ಹೊತ್ತವರು ಒತ್ತಿದರೆ ಅವರ ಕಥೆ ಮುಗಿಯಿತು. ಯಾರೂ ಒತ್ತದಿದ್ದರೆ ಯಾರಿಗೂ ಔಷಧಿ ಇಲ್ಲ.

"ಎಮ್ಮೆಗೆ ಕೊಟ್ಬಿಡಾನ ಕಣಣ್ಣ" ಎಂದಳು ಬೋರಮ್ಮ.

"ಎಮ್ಮೆ ಕೊಡು ಇತ್ಲಾಗೆ ಅನ್ಬೇಕಲ್ಲ" ಎಂದೆ.

"ಅಂದಂಗೇ ತಾನೇ ಅದು ನೋಡೋದು."

"ನಿಮ್ಮತ್ತೆ ಹೋದ ವರ್ಷ ಅದ್ನೂ ನೋಡವ್ಳೆ" ಎಂದಳು ಅವ್ವ. "ಕಾಲು ಮುಂದೆ ಮಾಡ್ತು ಅಂತ ಗೊರಸು ಹಿಡ್ಕೊಳಾಕೋಗಿ ಒದಿಸ್ಕೊಂಡು ಬಂದ್ಳು. ಆ ನೋವು ಬ್ಯಾರೆ ನಾನೇ ಹೊತ್ತಿದ್ದು."

ಸರೋಜ ಉಸಿರು ಎಳೆದುಕೊಂಡು, "ನಾನೇ ಒತ್ಬಿಡ್ತೀನಿ ಬಿಡತ್ತೆ" ಎಂದಳು. ನಗು ನಿಂತಿತು. ಅವಳು ತಮಾಷೆಗೆ ಹೇಳಿರಲಿಲ್ಲ. ನಾನು ಅವಳನ್ನು ನೋಡಿದೆ, ಅವಳು ಪಂಪಿನ ಮುಚ್ಚಳ ನೋಡುತ್ತಿದ್ದಳು. ಅವ್ವ ಎಲೆಗೆ ಸುಣ್ಣ ಹಚ್ಚಿದಳು. ಆಮೇಲೆ, "ಆ ಸ್ವಾಮಿ ಸೊಂಟ ನೋಡಿದ್ಯೇನ್ಲಾ ಮೂಡ್ಲ?" ಎಂದು ನನ್ನನ್ನು ಕೇಳಿದಳು.

"ನೋಡ್ದೆ. ಕೂತ್ರೆ ಏಳಾಕಾಗಲ್ಲ, ಎದ್ರೆ ಕೂರಾಕಾಗಲ್ಲ."

"ಪಾಪ. ಯಾರೂ ಕೇಳಿಲ್ಲ ಅನ್ನು ಅವ್ನ. ಅಂಥೋನಿಗೆ ಹೇಳಿದ್ರೆ ಗೊತ್ತಾಗ್ತದಾ? ಹೊರಿಸ್ಬೇಕು" ಎಂದು ಎಲೆಯನ್ನು ಬಾಯಿಗೆ ಹಾಕಿಕೊಂಡಳು. ಬೋರಮ್ಮ ಅವ್ವನ ಮುಖ ನೋಡಿದಳು, ಅವ್ವ ಬೋರಮ್ಮನ ಮುಖ ನೋಡಿದಳು. ಈ ಇಬ್ಬರು ಹಾಗೆ ನೋಡಿಕೊಂಡಾಗ ಸುಮ್ಮನಿರುವುದು ಒಳ್ಳೆಯದೆಂದು ನಾನು ಕಲಿತಿದ್ದೇನೆ.

ಬೆಳಿಗ್ಗೆ ಅವ್ವ ಉಬ್ಬಸವನ್ನು ತಾನೇ ಇಟ್ಟುಕೊಂಡು ಗಿರಣಿಗೆ ಬಂದಳು. ಹಿಂದೆ ಬೋರಮ್ಮ, ಹಿಂದೆ ಬಿಕ್ಕುತ್ತ ಲಕ್ಕಣ್ಣ. ರಾಯರು ಬೆಂಚಿನಿಂದ ಅರ್ಧ ಎದ್ದು, ಅಲ್ಲಿಗೇ ನಿಂತು, "ಬನ್ನಿ ತಾಯಿ" ಎಂದರು. ಅವ್ವ ಎದುರಿಗೆ ಮೂಟೆಯ ಮೇಲೆ ಕೂತಳು. ಯಂತ್ರದ ಕಡೆ ನೋಡಲೂ ಇಲ್ಲ.

"ಯಾವಾಗ್ಲಿಂದಪ್ಪ ಈ ಸೊಂಟ?"

"ಅದು ಬಿಡಿ ತಾಯಿ, ಹಳೆಯದು. ಕುರ್ಚಿ ಕೆಲಸ ನೋಡಿ. ನಿಮ್ಮ ಹೆಸರು..."

"ಕೊಡಪ್ಪ ಇತ್ಲಾಗೆ."

"ಏನನ್ನ?"

"ಸೊಂಟಾನ. ನೀನು ಕೆಲ್ಸ ಮಾಡ್ಕೊ, ಸಾಯಂಕಾಲ ಈಸ್ಕೊಂಡೋಗು."

ರಾಯರು ಮುದುಕಿಯ ಮನಸ್ಸು ನೋಯಿಸಬಾರದೆಂದು ನಗುತ್ತ ಕೈ ಚಾಚಿದರು. ಅವ್ವ ಮುಂಗೈ ಹಿಡಿದಳು. ಒಮ್ಮೆ ಮುಖ ಹಿಂಡಿ, "ಯವ್ವಾ, ಒಳ್ಳೆ ಕುರ್ಚಿ ಕಣಪ್ಪ ನಿಂದು" ಎಂದಳು. ರಾಯರು ಅಲ್ಲಾಡಲಿಲ್ಲ. ಆಮೇಲೆ ಮೆಲ್ಲಗೆ ನೆಟ್ಟಗಾದರು. ಕೆಳಗೆ ಬಿದ್ದಿದ್ದ ಪೆನ್ನನ್ನು ನೋಡಿದರು, ಬಗ್ಗಿದರು, ಎತ್ತಿಕೊಂಡರು. ಮತ್ತೆ ಬೇಕೆಂದೇ ಬೀಳಿಸಿ ಮತ್ತೆ ಎತ್ತಿಕೊಂಡರು. ಗಿರಣಿಯಲ್ಲಿದ್ದವರು ಯಾರೂ ನಗಲಿಲ್ಲ, ಮೊದಲ ಸಲ ಮುಯ್ಯಿ ಕೊಟ್ಟವರನ್ನು ನೋಡಿ ನಗಬಾರದು. ಅವರು ಗಿರಣಿಯಿಂದ ಹೊರಗೆ ಹೋಗಿ ಬೀದಿಯ ಆ ತುದಿಯವರೆಗೆ ಹುಡುಗರ ಹಾಗೆ ಬಿರುಸಾಗಿ ನಡೆದು ವಾಪಸು ಬಂದರು. ಹಣೆಯಲ್ಲಿ ಬೆವರು, ಕಣ್ಣಲ್ಲಿ ಇನ್ನೇನೋ.

"ಈಗ ಕದುರಮ್ಮತ್ತೆಗೆ ಮುಯ್ಯಿ ತೀರಿಸ್ದೆ ನೀವು ಊರು ಬಿಡಂಗಿಲ್ಲ" ಎಂದು ಬೋರಮ್ಮ ಸೊಂಟಕ್ಕೆ ಕೈಯಿಟ್ಟು ಹೇಳಿದಳು.

ರಾಯರು ಹೆದರಿದರು. ಅವರ ಕಡೆ ಮುಯ್ಯಿ ತೀರಿಸುವುದೆಂದರೆ ಸೇಡು ತೀರಿಸುವುದಂತೆ. "ನಾನೇನು ತಪ್ಪು ಮಾಡಿದೆನಮ್ಮಾ? ಅವರೇ ಕೇಳಿದ್ದು."

"ಸೇಡಲ್ಲ ಸ್ವಾಮಿ" ಎಂದು ನಾನು ಬಿಡಿಸಿ ಹೇಳಿದೆ. ಅವರು ಅವ್ವನನ್ನು ನೋಡಿದರು. ಅವ್ವ ಸೊಂಟದಲ್ಲಿ ಅವರ ನೋವು, ಎದೆಯಲ್ಲಿ ತನ್ನ ಉಬ್ಬಸ, ಎರಡನ್ನೂ ಇಟ್ಟುಕೊಂಡು ತುಟಿ ನೀಲಿ ಮಾಡಿಕೊಂಡಿದ್ದಳು. ಅವರಿಗೆ ಯಾರೂ ಒತ್ತಾಯ ಮಾಡಲಿಲ್ಲ. ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ತಾವಾಗಿಯೇ ಕೈ ಚಾಚಿ, ಪಟ್ಟಣದ ಬಾಯಿಗೆ ತಿರುಗದ ಮಾತನ್ನು ತಡವರಿಸಿ ಹೇಳಿದರು: "ಕೊಡಿ... ಇತ್ಲಾಗೆ."

ಉಬ್ಬಸ ಹತ್ತಿದ ರಭಸಕ್ಕೆ ಅವರು ಮೂಟೆ ಹಿಡಿದು ಕೂತುಬಿಟ್ಟರು. ಕಣ್ಣು ಹೊರಗೆ ಬಂದಂತಾಯಿತು. ಬೋರಮ್ಮ ಪಂಪು ತೋರಿಸಿ, "ಬಾಯಿ ಬಿಡಿ, ಒತ್ತಿ, ಎಳ್ಕೊಳ್ಳಿ. ಕಾರ್ಯತಂತ್ರಕ್ಕಿಂತ ಸಲೀಸು ಇದು" ಎಂದಳು. ಅದೇ ಹೊತ್ತಿಗೆ ಯಂತ್ರ ಬಡಿದುಕೊಂಡಿತು. ರಾಜಧಾನಿಯಿಂದ ಕರೆ. ಅವತ್ತು ಯೋಜನೆಯ ದೊಡ್ಡ ಸಭೆಯಂತೆ, ಅವರು ಮರೆತಿದ್ದರು. ಸ್ಲೇಟಿನಲ್ಲಿ ಒಂದೊಂದು ಚೌಕಕ್ಕೆ ಒಂದೊಂದು ಮುಖ ಮೂಡಿತು. ನಡುವಿನ ದೊಡ್ಡ ಮುಖದವರು ಇವರ ಮೇಲಿನವರು.

"ಏನ್ರೀ ಮುಕುಂದ್, ತುಂಬಾ ಏದುಸಿರು ಬಿಡ್ತಿದೀರಿ? ಓಡಾಟ ಜಾಸ್ತಿನಾ?"

"ಹೌದು... ಸಾರ್..."

"ನೋಡಿ, ಮಂತ್ರಿಗಳ ಅಪ್ಪಣೆ ಆಗಿದೆ. ಕಾರ್ಯತಂತ್ರ ಮಾಡುವವರೇ ಮೊದಲು ನೋಂದಣಿ ಮಾಡಿಸಿಕೊಂಡು ಮೇಲ್ಪಂಕ್ತಿ ಹಾಕಬೇಕು. ನಾವೆಲ್ಲ ಮಾಡಿಸಿಕೊಂಡಾಯ್ತು. ನಿಮ್ಮೊಬ್ಬರದೇ ಬಾಕಿ. ಈಗಲೇ ಹೆಬ್ಬೆಟ್ಟು ಒತ್ತಿಬಿಡಿ, ಎಲ್ಲರೂ ನೋಡಲಿ. ಕಾಯಿಲೆ ಎಂಬಲ್ಲಿ ಏನು ಬರೆಯೋಣ, ಉಬ್ಬಸ ಇದ್ದ ಹಾಗಿದೆಯಲ್ಲ ನಿಮಗೆ?"

ರಾಯರ ಹೆಬ್ಬೆಟ್ಟು ಅರ್ಧ ದಾರಿ ಹೋಗಿತ್ತು. ಅಲ್ಲಿಗೆ ನಿಂತಿತು. ಅವರು ಲಕ್ಕಣ್ಣನನ್ನು ನೋಡಿದರು. ಲಕ್ಕಣ್ಣ ಬಿಕ್ಕಿದ. ಅವ್ವನನ್ನು ನೋಡಿದರು. ತಮ್ಮ ಹೆಬ್ಬೆಟ್ಟನ್ನು ಅದು ಯಾರದೋ ಎಂಬಂತೆ ನೋಡಿದರು. "ಒತ್ತಿ ಸ್ವಾಮಿ, ಯಂತ್ರಕ್ಕೂ ಉಬ್ಬಸಕ್ಕೂ ಏನು ಸಂಬಂಧ?" ಎಂದು ಬೋರಮ್ಮ ಪಿಸುಗುಟ್ಟಿದಳು. ದೊಡ್ಡ ಮುಖ "ಒತ್ತಿ, ಒತ್ತಿ" ಎನ್ನುತ್ತಿತ್ತು. ರಾಯರು ಕೊನೆಗೆ ನನ್ನ ಕಡೆ ತಿರುಗಿದರು. ಅಂಥ ನೋಟವನ್ನು ನಾನು ಹಳ್ಳಕ್ಕೆ ಬಿದ್ದ ಕರುವಿನಲ್ಲಿ ಕಂಡಿದ್ದೆ. ನಾನು ಹೋಗಿ ಗಿರಣಿಯ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದೆ. ಬೆಲ್ಟು ನಿಂತಿತು, ದೀಪ ಹೋಯಿತು, ಯಂತ್ರಕ್ಕೆ ಇಂಟರ್ನೆಟ್ ಕೊಡಲು ರಾಯರು ಗೋಡೆಗೆ ಸಿಕ್ಕಿಸಿದ್ದ ಇನ್ನೊಂದು ಡಬ್ಬಿಯೂ ಕಣ್ಣು ಮುಚ್ಚಿತು. ಮುಖಗಳೆಲ್ಲ ಬಾಯಿ ತೆರೆದುಕೊಂಡೇ ಹೆಪ್ಪುಗಟ್ಟಿದವು. "ಕರೆಂಟು ನೆಚ್ಚಿಕೊಳ್ಳೋ ಹಂಗಿಲ್ಲ ಸ್ವಾಮಿ ನಮ್ಮೂರಲ್ಲಿ" ಎಂದೆ.

ಅವ್ವ ಸಾಯಂಕಾಲದ ತನಕ ಎಂದಿದ್ದಳು, ಸಾಯಂಕಾಲದ ತನಕವೇ ಎಂದು ಕೂತಳು. ರಾಯರು ಬೇಡಿದರೂ ಉಬ್ಬಸ ವಾಪಸು ತೆಗೆದುಕೊಳ್ಳಲಿಲ್ಲ, ಸೊಂಟವನ್ನೂ ಕೊಡಲಿಲ್ಲ. ಹಾಗೆಂದು ಅವರನ್ನು ಉಬ್ಬಸದ ಜೊತೆ ಒಬ್ಬರನ್ನೇ ಬಿಡಲೂ ಇಲ್ಲ. ಹೊತ್ತು ಏರುತ್ತಿದ್ದ ಹಾಗೆ ಕೇರಿಯವರು ತಮ್ಮ ತಮ್ಮ ಪಾಳಿಗೆ ಬಂದರು. "ಕೊಡಿ ಇತ್ಲಾಗೆ, ಊಟ ಮಾಡಿ" ಎಂದು ಒಬ್ಬರು. "ಕೊಡಿ ಇತ್ಲಾಗೆ, ಒಂದ್ ಕಣ್ಣು ನಿದ್ದೆ ತೆಗೀರಿ" ಎಂದು ಇನ್ನೊಬ್ಬರು. ಮೊದಮೊದಲು ಸಂಕೋಚ ಪಟ್ಟರು. ಆಮೇಲೆ ಹೊತ್ತವರ ಎದುರಿಗೇ ಕೂತು ಅವರ ಬೆನ್ನು ನೀವತೊಡಗಿದರು. ಮಧ್ಯಾಹ್ನದ ಮುದ್ದೆಯನ್ನು ಸರೋಜ ಬಡಿಸುತ್ತಿದ್ದಾಗ, "ರಾತ್ರಿ ಹೊತ್ತು ಇದನ್ನು ಯಾರು ಹೊರುತ್ತಾರೆ?" ಎಂದು ಕೇಳಿದರು. "ಯಾರಿಗೆ ನಿದ್ದೆ ಬರಲ್ವೋ ಅವ್ರು" ಎಂದಳು. ಅವರು ಅದನ್ನು ಬರೆದುಕೊಳ್ಳಲು ಪೆನ್ನು ತೆಗೆದು, ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

ಸಂಜೆ ಉಬ್ಬಸ ಅವ್ವನಿಗೂ ಸೊಂಟ ರಾಯರಿಗೂ ವಾಪಸು ಬಂದ ಮೇಲೆ ನಾನು ಸ್ವಿಚ್ಚು ಮೇಲೆತ್ತಿದೆ, ಅವರು ಯಂತ್ರದ ಮುಂದೆ ಕೂತು ತಲೆಯ ಮೇಲೆ ಕೈ ಹೊತ್ತರು. "ನಾನು ಏನನ್ನೂ ತುಂಬಿಸದೆ ಹೋದರೆ ನಿಮ್ಮ ಊರಿಗೆ ಔಷಧಿ ಬರುವುದಿಲ್ಲ. ತುಂಬಿಸಿದರೆ ಒಬ್ಬರ ಹೆಸರು ಬೇಕು. ಈ ಉಬ್ಬಸ ಯಾರದು ಅಂತ ಬರೆಯಲಿ ನಾನು?"

"ನಮ್ಮದು" ಎಂದೆವು, ಎಲ್ಲರೂ ಒಟ್ಟಿಗೇ. ಅದಕ್ಕೆ ಬೇರೆ ಉತ್ತರ ನಮಗೆ ಹೊಳೆಯಲೂ ಇಲ್ಲ.

ರಾಯರು ತಲೆಯೆತ್ತಿದರು. ಅವರ ತುಟಿಯ ಮೂಲೆಯಲ್ಲಿ, ನಮ್ಮೂರಿನಲ್ಲಿ ಹುಟ್ಟಿದವರಿಗೆ ಮಾತ್ರ ಬರುತ್ತದೆಂದು ನಾನು ತಿಳಿದಿದ್ದ ಒಂದು ನಗು ಬಂತು. ರೋಗಿಯ ಹೆಸರು ಎಂಬಲ್ಲಿ 'ನಮ್ಮದು' ಎಂದು ಬರೆದರು. ವಯಸ್ಸು? "ಊರು ಹುಟ್ಟಿದಾಗ್ಲಿಂದ ಹಾಕಿ" ಎಂದಳು ಬೋರಮ್ಮ. ಯಂತ್ರ ಅಷ್ಟು ದೊಡ್ಡ ವಯಸ್ಸು ಒಪ್ಪಲಿಲ್ಲ, ಅದು ಒಪ್ಪುವಷ್ಟು ಹಾಕಿದರು. ಕಾಯಿಲೆಗಳನ್ನು ಬರೆಯುತ್ತ ಬರೆಯುತ್ತ ದೀಪ ಹಚ್ಚುವ ಹೊತ್ತಾಯಿತು. ಉಬ್ಬಸ, ಹಲ್ಲುನೋವು, ತಲೆನೋವು, ಮೂಲವ್ಯಾಧಿ, ಬಾಣಂತಿ ಸನ್ನಿ, ಮುದುಕರ ಮೂತ್ರದ ತೊಂದರೆ, ಎಳೆಮಕ್ಕಳ ಮಂಗನಬಾವು. ಬೋರಮ್ಮ ಬಿಕ್ಕಳಿಕೆಯನ್ನೂ ಸೇರಿಸಿದಳು. ಆರೈಕೆ ಮಾಡುವವರ ಹೆಸರಿನ ಜಾಗದಲ್ಲೂ ನಮ್ಮದು ಎಂದೇ ಹಾಕಿದರೆ ಯಂತ್ರ, ರೋಗಿಯೂ ಆರೈಕೆ ಮಾಡುವವರೂ ಒಬ್ಬರೇ ಆಗುವಂತಿಲ್ಲ ಎಂದು ಕೆಂಪಗಾಯಿತು. 'ನಮ್ಮವರು' ಎಂದು ತಿದ್ದಿದರು. ಹಸಿರಾಯಿತು.

ಕೊನೆಗೆ ಹೆಬ್ಬೆಟ್ಟು. ಎಲ್ಲರೂ ಕೈ ಹಿಂದಕ್ಕೆ ಕಟ್ಟಿಕೊಂಡರು. ನಾನು ಮುಂದೆ ಬಂದೆ. ಹುಡುಗನಾಗಿದ್ದಾಗಿನಿಂದ ಬಿಸಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ಹದ ನೋಡಿದವನು ನಾನು. ನನ್ನ ಹೆಬ್ಬೆಟ್ಟಿನಲ್ಲಿ ಒಂದು ಗೆರೆಯೂ ಉಳಿದಿಲ್ಲ. ರೇಷನ್ ಅಂಗಡಿಯ ಯಂತ್ರ ನನ್ನನ್ನು ಒಂದು ದಿನವೂ ಗುರುತು ಹಿಡಿದದ್ದಿಲ್ಲ. ಒತ್ತಿದೆ. 'ಬೆರಳು ಓದಲಾಗಲಿಲ್ಲ' ಎಂದಿತು. ಮತ್ತೆ ಒತ್ತಿದೆ. ಮತ್ತೆ ಅದೇ. ಬೇಸತ್ತು ಕೊನೆಗೆ, 'ಅಧಿಕಾರಿಯ ಒಪ್ಪಿಗೆ ಇದೆಯೇ?' ಎಂದು ಕೇಳಿತು. ರಾಯರು ಇದೆ ಎಂಬಲ್ಲಿ ಪೆನ್ನಿನ ತುದಿಯಿಂದ, ಹೆಬ್ಬೆಟ್ಟನ್ನು ದೂರ ಇಟ್ಟುಕೊಂಡು, ಕುಕ್ಕಿದರು. ಟಿಣ್ ಎಂದಿತು. ಸರೋಜ ಅವ್ವನ ಮುಂಗೈ ಹಿಡಿದು "ಕೊಡತ್ತೆ ಇತ್ಲಾಗೆ" ಎಂದಳು. ಉಬ್ಬಸ ಯಾವ ತಕರಾರೂ ಇಲ್ಲದೆ ಅವಳಿಗೆ ಹೋಯಿತು. ಸರೋಜ ಕೆಮ್ಮುತ್ತ ನಕ್ಕಳು.

ರಾಜಧಾನಿಯವರು ಈ ರೋಗಿಯನ್ನು ನೋಡಿ ಗಾಬರಿಯಾದರಂತೆ. ದೇಶದಲ್ಲೇ ಇಷ್ಟು ಕಾಯಿಲೆ ಇನ್ನೊಬ್ಬರಿಗಿಲ್ಲ. ಮೊದಲ ತಿಂಗಳೇ ಔಷಧಿಯ ವ್ಯಾನು ಬಂತು, ಹಿಂದೆ ಆಂಬುಲೆನ್ಸೂ ಬಂತು. ಬಿಳಿ ಕೋಟಿನವರೊಬ್ಬರು ಸ್ಟ್ರೆಚರ್ ಇಳಿಸಿ, "ನಮ್ಮದು ಅನ್ನೋ ಪೇಷೆಂಟ್ ಎಲ್ಲಿ?" ಎಂದು ಕೂಗಿದರು. "ಒಳಗೂ ಅದೆ, ಹೊರಗೂ ಅದೆ. ಯಾವ ಕಡೆಯಿಂದ ಎತ್ತುತೀರಿ?" ಎಂದಳು ಬೋರಮ್ಮ. ಅವರಿಗೆ ಮುದ್ದೆ ಉಣ್ಣಿಸಿ ಕಳಿಸಿದೆವು. ಲಕ್ಕಣ್ಣನ ಮತ್ತು ಮೇಷ್ಟರ ನೋಂದಣಿಯನ್ನು ರಾಜಧಾನಿಯ ಯಂತ್ರ, ಇವರ ಕಾಯಿಲೆ ಈಗಾಗಲೇ ನಮ್ಮದು ಎಂಬವರ ಹೆಸರಲ್ಲಿದೆ, ಇವರು ನಕಲಿ ಎಂದು ತೀರ್ಮಾನಿಸಿ ತಾನೇ ಅಳಿಸಿತು. ಆ ಗಳಿಗೆಗೇ ಲಕ್ಕಣ್ಣನ ಬಿಕ್ಕಳಿಕೆ ಸಡಿಲವಾಯಿತು. ಬೋರಮ್ಮ ಅದನ್ನು ವಾಪಸು ತೆಗೆದುಕೊಳ್ಳುವ ಮುಂಚೆ, "ಇಷ್ಟು ದಿನ ಇಟ್ಕೊಂಡು ಸವೆಸಿದೀಯ, ಹೊಸದ್ರಂಗಿಲ್ಲ ಇದು" ಎಂದು ತಗಾದೆ ತೆಗೆದಳು.

ರಾಯರು ಆಮೇಲೆ ಆಗಾಗ ಭಾನುವಾರದ ಬಸ್ಸಿಗೆ ಬರತೊಡಗಿದರು. ಕಾರ್ಯತಂತ್ರದ ಮುಂದಿನ ಭಾಗಕ್ಕೆ ಅಧ್ಯಯನ ಎಂದು ಮೇಲಿನವರಿಗೆ ಬರೆಯುತ್ತಿದ್ದರಂತೆ. ಬಂದವರು ಅವ್ವನ ಎದುರಿಗೆ ಕೂರುತ್ತಿದ್ದರು. ಅವ್ವ ಸೊಂಟ ತೆಗೆದುಕೊಳ್ಳುವಳು, ಅವರು ಉಬ್ಬಸ ತೆಗೆದುಕೊಳ್ಳುವರು. ಅವ್ವ ಕುರ್ಚಿಯನ್ನು ಬೈಯುವಳು, ಅವರು ಮಂತ್ರಿಗಳನ್ನು ಬೈಯುವರು. ಸಂಜೆಯ ಬಸ್ಸಿಗೆ ಅದಲು ಬದಲು ಮಾಡಿಕೊಂಡು ಏಳುವರು.

ಸುಳ್ಳನೆ ಬಿಸಿಲಿದ್ದ ಒಂದು ಭಾನುವಾರ ಅವ್ವ ಹಾಗೆಯೇ ಅವರ ಸೊಂಟ ಇಟ್ಟುಕೊಂಡು, ಅವರೆಕಾಳಿನ ಸಾರಿನಲ್ಲಿ ಹೊಟ್ಟೆ ತುಂಬ ಉಂಡು, ಜಗುಲಿಯ ಮೇಲೆ ಅಡ್ಡಾದಳು. ಬಸ್ಸಿನ ಹೊತ್ತಿಗೆ ಎಬ್ಬಿಸಲು ಹೋದರೆ ಏಳಲಿಲ್ಲ. ಮುಖದಲ್ಲಿ ಯಾವ ಏದುಸಿರಿನ ಗುರುತೂ ಇರಲಿಲ್ಲ. ರಾಯರು ಅವಳ ಮುಂಗೈ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಆ ಕೈ ಏನನ್ನೂ ತೆಗೆದುಕೊಳ್ಳಲಿಲ್ಲ, ಏನನ್ನೂ ಕೊಡಲೂ ಇಲ್ಲ. "ಇದನ್ನು ಯಾರಿಗೆ ಕೊಡಲಿ ನಾನು?" ಎಂದು ಎದೆ ಮುಟ್ಟಿಕೊಂಡು ಕೇಳಿದರು. ಬೋರಮ್ಮ ಕಣ್ಣು ಒರೆಸಿಕೊಂಡು, "ಕೊಡಿ ಇತ್ಲಾಗೆ ಸ್ವಾಮಿ, ಬಸ್ಸು ಹೋಗ್ತದೆ" ಎಂದಳು. ಅವರು ಇಲ್ಲವೆಂದು ತಲೆಯಾಡಿಸಿದರು.

ಮಣ್ಣಿಗೆ ಹೋಗುವ ದಾರಿಯುದ್ದಕ್ಕೂ ಉಬ್ಬಸ ಅವರ ಹತ್ತಿರವೇ ಇತ್ತು. ಪಂಪು ಒತ್ತಿಕೊಳ್ಳುತ್ತ, ನಿಂತು ನಿಂತು ನಡೆದರು. ಚಟ್ಟ ಹೊತ್ತ ನಾವೂ ಅವರಿಗಾಗಿ ನಿಂತು ನಿಂತು ನಡೆದೆವು. ಲಕ್ಕಣ್ಣನೂ ಓಲಗವನ್ನು ತುಂಡು ತುಂಡಾಗಿ ಊದಿದ. ಗುಂಡಿಯ ಹತ್ತಿರ ಎಲ್ಲರ ಹಾಗೆ ಅವರೂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಬಗ್ಗಿದವರು ಹಾಗೆಯೇ ತುಸು ಹೊತ್ತು ಇದ್ದರು, ಸೊಂಟವನ್ನು ಒಂದು ಕೈಯಿಂದ ಮುಟ್ಟಿ ನೋಡಿಕೊಂಡರು. ಅವ್ವ ಅದನ್ನು ತೆಗೆದುಕೊಂಡೇ ಹೋಗಿದ್ದಳು.

ವಾಪಸು ಬರುವಾಗ ಕತ್ತಲಾಗಿತ್ತು, ಬಸ್ಸೂ ಹೋಗಿತ್ತು. ಸರೋಜ ಬಾಗಿಲಲ್ಲಿ ಎಲ್ಲರ ಕಾಲಿಗೆ ನೀರು ಕೊಡುತ್ತ, ರಾಯರ ಮುಂದೆ ಬಂದಾಗ ತಂಬಿಗೆ ಕೆಳಗಿಟ್ಟು ಕೈ ಚಾಚಿದಳು. "ಈಗ ನನ್ನ ಪಾಳಿ. ಕೊಡಿ ಇತ್ಲಾಗೆ."

ಅವರು ಕೊಟ್ಟರು. ಉಸಿರು ನೇರವಾದ ಮೇಲೆ ಮೆಲ್ಲಗೆ ಕೇಳಿದರು, "ನನ್ನ ಪಾಳಿ ಮತ್ತೆ ಯಾವಾಗ?"

ಸರೋಜ ಗೋಡೆ ಹಿಡಿದು ನಿಂತು, ಉಸಿರು ಸಿಕ್ಕುವ ತನಕ ಕಾದು, ಹೇಳಿದಳು. "ಭಾನುವಾರ. ಊಟ ಮಾಡ್ಕೊಂಡು ಬರ್ಬೇಡಿ."